ವಿಷಯ: ವಿಳಾಸ ಬದಲಾವಣೆ

ಮಾನ್ಯರೇ,
ಕೆಳಗೆ ಸಹಿ ಮಾಡಿರುವ ನಾನು, ಗುಲಾಬಿ ದೇವಾಡಿಗ,
ನಿವೃತ್ತ ಟೆಲಿಫೋನ್ ಆಪರೇಟರ್, ಬೈಂದೂರು ಎಕ್ಸ್‌ಚೇಂಜ್,
ಕಳೆದ ಮೇ ತಿಂಗಳಿಂದ ಮಸ್ಕತ್ತಿನ ರೂವಿಯಲ್ಲಿ
ತಮ್ಮನ ಮಗಳ ಮನೆಯಲ್ಲಿದ್ದೇನೆ.
ತಿಳಿಸಲು ತಡವಾಯಿತು. ಕ್ಷಮಿಸಬೇಕು.

ತಡಕ್ಕೆ ಕಾರಣ ಬರೆಯಲು ಅರ್ಜಿಯಲ್ಲಿ
ಒಂದೂವರೆ ಗೆರೆ ಬಿಟ್ಟಿದ್ದೀರಿ.
ಅಷ್ಟು ಸಾಲದೆಂದು ಈ ಹಾಳೆ ಲಗತ್ತಿಸಿದ್ದೇನೆ.

ಬಂದದ್ದು ವಿನುತಳ ಬಾಣಂತನಕ್ಕೆ,
ನಾಲ್ಕು ಸೀರೆ, ಒಂದು ಚೀಲ ಕುಚ್ಚಲಕ್ಕಿಯ ಲೆಕ್ಕದಲ್ಲಿ.
ಅಕ್ಕಿ ಮುಗಿಯಿತು.
ಅಷ್ಟರಲ್ಲಿ ಮಗುವಿಗೆ ನನ್ನ ಸೊಂಟದ ರುಚಿ ಹತ್ತಿತ್ತು.
ಪಾಸ್‌ಪೋರ್ಟಿಗೆ ಹೊಸ ಮುದ್ರೆ ಬಿತ್ತು.
ತಾವು ಮಾತ್ರ ತಿಂಗಳ ಕೊನೆಗೆ
ಬೈಂದೂರಿನ ಖಾತೆಗೆ ಹಣ ಹಾಕುತ್ತಲೇ ಇದ್ದಿರಿ,
ಬೀಗ ಹಾಕಿದ ಮನೆಯ ಮೆಟ್ಟಿಲಲ್ಲಿ
ಹಾಲಿನವನು ಹಾಲು ಇಟ್ಟು ಹೋದ ಹಾಗೆ.

ನಿನ್ನೆ ರಾಯಭಾರ ಕಚೇರಿಗೆ ಹೋಗಿದ್ದೆ.
ಬದುಕಿದ್ದೇನೆ ಎನ್ನುವ ಪತ್ರಕ್ಕೆ ಅವರ ಮೊಹರು ಬೇಕಿತ್ತು.
ಟೋಕನ್ ಅರವತ್ತೆರಡು.
ನನ್ನ ಮುಂದಿದ್ದ ಕಣ್ಣೂರಿನ ಸುಬೇದಾರರು
ಬೂಟಿಗೆ ಪಾಲಿಶ್ ಹಾಕಿ, ಟೈ ಕಟ್ಟಿ ಬಂದಿದ್ದರು,
ಬದುಕಿರುವುದನ್ನೂ ಕವಾಯತಿನಲ್ಲಿ ತೋರಿಸಬೇಕೆನ್ನುವಂತೆ.
ಕಿಟಕಿಯ ಹುಡುಗ ನನ್ನ ಮುಖ ನೋಡಲಿಲ್ಲ,
ಫೋಟೋ ನೋಡಿದ, ಹೌದು ಅಂದ.
ಆಮೇಲೆ ಕೇಳಿದ: ವಿದೇಶದಲ್ಲಿ ಎಂದಿನಿಂದ?

ಮೇ ಹದಿನಾಲ್ಕು ಅಂದೆ.
ಅದು ಸರಿಯಾದ ಉತ್ತರ.
ಆದರೆ ಟ್ಯಾಕ್ಸಿಯಲ್ಲಿ ಮರಳುವಾಗ
ಹಸಿರು ಫಲಕಗಳಲ್ಲಿ ಒಂದೊಂದೇ ಹೆಸರು ಬಂದವು,
ಮತ್ರಾ, ದಾರ್ಸೈತ್, ವಾದಿ ಕಬೀರ್,
ಎಲ್ಲ ನನ್ನ ಬಾಯಲ್ಲಿ ಎಂದೋ ಸವೆದವು.
ಎಂಬತ್ತಾರನೆಯ ಇಸವಿಯಲ್ಲಿ ಕಿವಿಗೆ ಹೆಡ್‌ಸೆಟ್ ಸಿಕ್ಕಿಸಿ
ಬೊಂಬಾಯಿಯ ಆಪರೇಟರಿಗೆ ಇವನ್ನೇ ಕೂಗುತ್ತಿದ್ದೆ:
ಹಲೋ ರೂವಿ, ಬೈಂದೂರು ಲೈನಿನಲ್ಲಿದೆ, ಮಾತಾಡಿ.
ಊರಿನ ಅರ್ಧ ಗಂಡಸರು ನನಗೆ ಬರಿಯ ದನಿಗಳು,
ಮುಖ ಕಂಡರೆ ಗುರುತು ಸಿಗುವುದಿಲ್ಲ, ಕೆಮ್ಮಿದರೆ ಸಿಗುತ್ತದೆ.
ಹೋದ ವಾರ ಇಲ್ಲಿಯ ಕಿರಾಣಿ ಅಂಗಡಿಯಲ್ಲಿ
ಮುದುಕರೊಬ್ಬರು ಮೊಬೈಲಿಗೆ ಹ್ವಾಯ್, ಹಲೋ, ಅಂದರು.
ನನ್ನ ಕೈ ತಾನಾಗಿ ಪ್ಲಗ್ಗು ಹುಡುಕಿತು,
ಈರುಳ್ಳಿಯ ಬುಟ್ಟಿಯಲ್ಲಿ.

ಅರ್ಜಿಯ ಕೊನೆಗೆ ಒಂದು ಘೋಷಣೆ ಇದೆ:
ಇಲಾಖೆಯಿಂದ ಏನನ್ನೂ ಮುಚ್ಚಿಟ್ಟಿಲ್ಲ.
ಸಹಿಗೆ ಮುಂಚೆ ಒಂದು ಮಾತು.

ಅದೊಂದು ಶುಕ್ರವಾರ ರಾತ್ರಿ.
ಶಿರೂರಿನ ಖೈರುನ್ನೀಸಾ ಕೂಸನ್ನು ಹೆಗಲಿಗೆ ಹಾಕಿಕೊಂಡು
ಐದು ಗಂಟೆ ಬೆಂಚಿನ ಮೇಲೆ ಕಾದಿದ್ದಳು.
ಲೈನು ಸಿಕ್ಕಾಗ ಕೂಸು ನಿದ್ದೆ ಹೋಗಿತ್ತು.
ಅದು ಹುಟ್ಟಿದ್ದನ್ನು ಅಪ್ಪ ಕಾಗದದಲ್ಲಿ ಓದಿದ್ದ, ಅಷ್ಟೇ.
ಎಬ್ಬಿಸಬೇಡ, ಅಂದ.
ಅವಳು ರಿಸೀವರನ್ನು ಅದರ ಮೂಗಿನ ಬಳಿ ಹಿಡಿದಳು.
ಶೀತವಾದ ಕೂಸು, ಸಣ್ಣ ಗೊರಕೆ.
ಮೂರು ನಿಮಿಷ ಮುಗಿಯಿತು ಎನ್ನಬೇಕಾದವಳು ನಾನು.
ಅತ್ತ ಅವನು, ನಡುವೆ ಕಡಲು, ಬೊಂಬಾಯಿ, ನಾನು.
ಯಾರೂ ಮಾತಾಡಲಿಲ್ಲ.
ಬೊಂಬಾಯಿಯವಳೂ.

ಹದಿನಾಲ್ಕು ನಿಮಿಷವಾಯಿತು.
ಟಿಕೆಟ್ಟಿನಲ್ಲಿ ಮೂರು ಎಂದು ಬರೆದೆ.

ಹನ್ನೊಂದು ನಿಮಿಷ ಇಲಾಖೆಗೆ ನಷ್ಟ.
ಆಗಿನ ದರ ತಮ್ಮ ಕಡತದಲ್ಲಿ ಇರಬಹುದು,
ಬಡ್ಡಿ ಸೇರಿಸಿ ಪಿಂಚಣಿಯಲ್ಲಿ ಮುರಿದುಕೊಳ್ಳಿ.
ಒಮ್ಮೆಗೇ ಬೇಡ, ಕಂತಿನಲ್ಲಿ.
ಇಲ್ಲಿ ಡಯಾಪರಿಗೆ ಬಹಳ ದುಡ್ಡು.

ಹೊಸ ವಿಳಾಸ: ಮನೆ ನಂಬರ್ ಏಳು, ಮೂರನೆಯ ಮಹಡಿ,
ಹೊಲಿಗೆ ಅಂಗಡಿಯ ಮೇಲೆ, ರೂವಿ.
ಹಳೆಯದನ್ನು ಪೂರ್ತಿ ಮಸಿ ಬಳಿದು ಅಳಿಸಬೇಡಿ,
ಮೇಲೊಂದು ಗೆರೆ ಎಳೆದರೆ ಸಾಕು,
ಅಕ್ಷರ ಕಾಣುವ ಹಾಗೆ.

ಅನುಮಾನವಿದ್ದರೆ ಫೋನ್ ಮಾಡಬಹುದು.
ಮಧ್ಯಾಹ್ನ ಒಂದರಿಂದ ಮೂರು ಮಗು ಮಲಗಿರುತ್ತದೆ.
ಆಗ ಮಾಡಿದರೆ ಎತ್ತುತ್ತೇನೆ,
ಮಾತಾಡಲಾರೆ.

ಇಂತಿ ತಮ್ಮ ವಿಧೇಯಳು