ಗ್ಯಾಸ್ ಚೇಚಿ

ಎಣ್ಣೆಗೆ ಸಾಸಿವೆ ಹಾಕಿ ನಿಂತಿದ್ದೆ.
ಅದು ಸಿಡಿಯಲೇ ಇಲ್ಲ.
ಬರ್ನರಿನ ನೀಲಿ ಒಮ್ಮೆ ಬಿಕ್ಕಿ
ಆರಿತು.

ಶುಕ್ರವಾರ. ಸಿಲಿಂಡರಿನವನ ಫೋನು ಬಂದ್.
ನಮಾಜು ಮುಗಿಯಬೇಕು, ಅವನು ಉಣ್ಣಬೇಕು, ಒಂದು ನಿದ್ದೆ ತೆಗೆಯಬೇಕು,
ಆಮೇಲೆ ಲಾರಿ, ಆಮೇಲೆ ಹಾರನ್ನು,
ಆಮೇಲೆ ಲಿಫ್ಟಿಲ್ಲದ ಮೂರು ಮಹಡಿ.
ಫಿಲೋಮಿನಾ ನೈಟಿಯ ಮೇಲೆ ದುಪಟ್ಟಾ ಎಳೆದುಕೊಂಡು
"ನಡಿಯೇ, ಕೆಳಗೆ ಏನುಂಟು ನೋಡುವಾ" ಅಂದಳು.

ಗುದೈಬಿಯಾದಲ್ಲಿ ನನಗೆ ಒಂಬತ್ತು ವರ್ಷ.
ಬಾಗಿಲಿನಿಂದ ಕಂಪನಿಯ ವ್ಯಾನು, ವ್ಯಾನಿನಿಂದ ಬಾಗಿಲು.
ಈ ಓಣಿ ನನಗೆ ಗೊತ್ತಿದ್ದದ್ದು
ವ್ಯಾನಿನ ಕಿಟಕಿಯಷ್ಟೇ ಅಗಲ:
ಯಾರದೋ ಸೊಂಟ, ಯಾರದೋ ಟ್ರೇ,
ಅರ್ಧ ಬೋರ್ಡು, ಹೊಗೆ.

ಮೊದಲ ತಿರುವಿನಲ್ಲೇ ಒಂದು ರೊಟ್ಟಿಯ ಗೂಡು.
ಗದಗಿನವಳು ನಾನು,
ರೊಟ್ಟಿಯೆಂದರೆ ಸಪ್ಪಳ ಎಂದು ತಿಳಿದವಳು.
ಇಲ್ಲಿ ಮುದುಕ ಘುಲಾಮ್ ರೇಜಾ
ದಿಂಬಿನ ಮೇಲೆ ಹಿಟ್ಟು ಹರವಿ
ಬೆಂಕಿಯ ಗೋಡೆಗೆ ಮೆತ್ತಗೆ ಒತ್ತುತ್ತಾನೆ,
ಹಸುಗೂಸನ್ನು ಹೆಗಲಿಗೆ ಒರಗಿಸಿದ ಹಾಗೆ.
"ಮಹ್ಯಾವ?" ಅಂದ.
ಕಂದು ರಸ. ಮೀನಿನದು. ಬಿಸಿಲಲ್ಲಿ ವಾರಗಟ್ಟಲೆ ಹಣ್ಣಾದದ್ದು.
ನಾನು ಸೆರಗಿಲ್ಲದ ಚೂಡಿದಾರದಲ್ಲಿ ಸೆರಗು ಹುಡುಕಿದೆ, ಮೂಗಿಗೆ.
ಹೊನ್ನಾವರದ ಫಿಲೋಮಿನಾ ಮೊಣಕೈವರೆಗೂ ನೆಕ್ಕಿ
"ನಮ್ಮ ಬಂದರೇ ಮಾರಾಯ್ತಿ" ಎಂದು
ಇನ್ನೊಂದಕ್ಕೆ ಕೈ ಚಾಚಿದಳು.

ಅದರಾಚೆ, ದರ್ಜಿಯ ಅಂಗಡಿಗೂ ಗೋಡೆಗೂ ನಡುವೆ,
ಒಂದು ಕಿಟಕಿ. ಮೂರು ಹಂಡೆ.
ಬೆಂದ ಕಡಲೆ, ಒಣಮೆಣಸು ಕೆಂಪಗೆ ತೇಲುತ್ತ.
ನಿಖಿಯಂತೆ ಇದರ ಹೆಸರು.
ಹೆಸರೇನೇ ಇರಲಿ, ಉಸುಳಿಯ ತವರಿನವಳೇ ಸರಿ.
ಉಮ್ಮ್ ಅದ್ನಾನ್ ಪಾತ್ರೆ ಎಲ್ಲಿ ಎಂದು ಕೈಯಲ್ಲೇ ಕೇಳಿದಳು.
ಇಲ್ಲವೆಂದಾಗ ಬೈದಳು
(ಬೈಗುಳಕ್ಕೆ ಯಾವ ಊರಲ್ಲೂ ದುಭಾಷಿ ಬೇಡ)
ಬೈಯುತ್ತಲೇ ತನ್ನದೇ ನಗ್ಗಿದ ಬಟ್ಟಲಿಗೆ ಎರಡು ಸೌಟು ಹೆಚ್ಚಿಗೆ ಸುರಿದಳು.
ಅಲ್ಲಿಗೆ ಫಿಲೋಮಿನಾಳ ಚಿಲ್ಲರೆ ಖಾಲಿ.

ಆದರೂ ಕೂತೆವು, ಅಸ್ಸೈನಾರನ ಕೆಫೆಟೇರಿಯಾದಲ್ಲಿ,
ಕುಂಟುವ ಮೇಜಿಗೆ ಮೊಣಕಾಲು ಕೊಟ್ಟು.
ಚಿಪ್ಸಿನ ಪ್ಯಾಕೆಟ್ಟನ್ನು ಹುಡುಗನೊಬ್ಬ
ಒಡೆಯದೆಯೇ ಮುಷ್ಟಿಯಿಂದ ಗುದ್ದಿ ಪುಡಿ ಮಾಡಿ
ಪರೋಟದೊಳಗೆ ಸುರಿದು ಸುತ್ತಿ ಕೊಟ್ಟ.
ಇದೂ ಒಂದು ತಿಂಡಿಯೇ? ಎಂದುಕೊಂಡೆ.
ಎರಡು ತಿಂದೆ.
ಕರಕ್ ಚಹಾ ನಾಲಿಗೆಯನ್ನೂ ಸುಟ್ಟಿತು, ಮೇಲಿನ ಅಹಂಕಾರವನ್ನೂ.

ದುಡ್ಡು ಕೊಡುವಾಗ ನೆನಪಾಯಿತು, ಪರ್ಸು ಒಲೆಯ ಪಕ್ಕ.
ಕೈಯಲ್ಲಿ ಇದ್ದದ್ದು
ಅಷ್ಟು ಹೊತ್ತೂ, ಇಡೀ ಓಣಿ ಸುತ್ತಿದಷ್ಟು ಹೊತ್ತೂ ಹಿಡಿದುಕೊಂಡಿದ್ದ
ಗ್ಯಾಸ್ ಲೈಟರು.

ಅಸ್ಸೈನಾರ್ ಅದನ್ನು ನೋಡಿದ, ನನ್ನನ್ನು ನೋಡಿದ,
ಹೆಸರು ಕೇಳಲಿಲ್ಲ.
ಕಿವಿಯಿಂದ ಪೆನ್ನು ತೆಗೆದು ಬಾಕಿ ಪುಸ್ತಕದಲ್ಲಿ ಬರೆದ,
ಉರುಟು ಉರುಟು ಅಕ್ಷರ,
ನಮ್ಮವೇ ಚಳಿಗೆ ಇನ್ನಷ್ಟು ಮುದುಡಿದ ಹಾಗೆ.
ಒಳಗಿನಿಂದ ಹುಡುಗ ಯಾರದೆಂದು ಕೂಗಿದ.
"ಗ್ಯಾಸ್ ಚೇಚಿ. ಎಂಟುನೂರು ಫಿಲ್ಸ್."

ನಾಲ್ಕಕ್ಕೆ ಸಿಲಿಂಡರು ಬಂತು.
ತಣ್ಣನೆಯ ಎಣ್ಣೆಯ ತಳದಲ್ಲಿ ಸಾಸಿವೆ
ಇನ್ನೂ ಕಾಯುತ್ತ ಕೂತಿತ್ತು.

ಶನಿವಾರ ಬಾಕಿ ತೀರಿಸಿದೆ. ಹೆಸರು ತೀರಲಿಲ್ಲ.
ಬಟ್ಟಲನ್ನು ಬರಿದಾಗಿ ಮರಳಿಸಬಾರದೆಂದು
ಶೇಂಗಾ ಚಟ್ನಿಪುಡಿ ತುಂಬಿ ಕೊಟ್ಟೆ.
ಉಮ್ಮ್ ಅದ್ನಾನ್ ಬೆರಳದ್ದಿ ನೆಕ್ಕಿ, ಕೆಮ್ಮಿ, ಕಣ್ಣೊರೆಸಿಕೊಂಡು
ಪುಡಿ ಬೇರೆ ಡಬ್ಬಿಗೆ ಸುರಿದು ಬಟ್ಟಲಿಗೆ ಮತ್ತೆ ಕಡಲೆ ತುಂಬಿದಳು.
ಈಗ ಅದು ಯಾರ ಬಟ್ಟಲೆಂದು
ಇಬ್ಬರಿಗೂ ಸರಿಯಾಗಿ ಗೊತ್ತಿಲ್ಲ.

ವ್ಯಾನಿನವನಿಗೆ ಈಗ ಹೇಳಿಬಿಟ್ಟಿದ್ದೇನೆ,
ಬಾಗಿಲವರೆಗೆ ಬೇಡ, ರೊಟ್ಟಿಯ ಗೂಡಿನ ಹತ್ತಿರ ಇಳಿಸು.
ಸಂಜೆ ಮೇಜು ಒರೆಸುತ್ತ ಅಸ್ಸೈನಾರ್ ಕೇಳುತ್ತಾನೆ:
"ಗ್ಯಾಸ್ ಬಂತಾ ಚೇಚಿ?"
ಮೂರನೇ ಮಹಡಿಯಲ್ಲಿ ತುಂಬಿದ ಸಿಲಿಂಡರು.
ನಾನು ಕುಂಟುವ ಮೇಜಿಗೆ ಮೊಣಕಾಲು ಕೊಡುತ್ತ
ಇಲ್ಲ, ಇನ್ನೂ ಬಂದಿಲ್ಲ, ಅನ್ನುತ್ತೇನೆ.