ಇಲ್ಲದ ಬೆರಳು

ಮುಹರ್ರಖ್‌ನಲ್ಲಿ ಶುಕ್ರವಾರದ ಮಧ್ಯಾಹ್ನ. ಅಂಗಡಿ ಬಾಗಿಲು ಅರ್ಧ.
ಹಿಂದಿನ ಗಲ್ಲಿಯ ಗೋಡೆಯ ನೆರಳು
ಬಾನೆಟ್ಟಿನವರೆಗೆ ಬಂದಿದೆ. ಇನ್ನೊಂದು ತಾಸು ನನ್ನದು.

ಕಾರಿನ ನೆತ್ತಿಯ ಗಾಜು ಮುಚ್ಚುತ್ತಿಲ್ಲ.
ಮುಚ್ಚುವಂತೆ ಬಂದು, ನಾಲ್ಕು ಬೆರಳು ಉಳಿದಾಗ
ಒಲೆ ಆರಿಸದೆ ಬಂದವರ ಹಾಗೆ ಗಕ್ಕನೆ ನಿಂತು
ಸರ್ರನೆ ತಿರುಗಿ ಹೋಗುತ್ತದೆ.
ಹತ್ತು ಸಲ ಒತ್ತಿದೆ. ಹತ್ತು ಸಲವೂ ಅದೇ ಹಟ.

ಸಲ್ಮಾಬಾದಿನ ಗ್ಯಾರೇಜಿನವ ಇಣುಕಿಯೂ ನೋಡದೆ
ಇನ್ನೂರ ಹತ್ತು ದಿನಾರ್ ಎಂದ.
ಕಾರು ಕೊಂಡದ್ದೇ ಎಂಟುನೂರಕ್ಕೆ, ಅದೂ ಹಳೇ ಗಿರಾಕಿಯಿಂದ,
ಹನ್ನೆರಡು ಥೋಬಿನ ಹೊಲಿಗೆ ಕೂಲಿ ಅದರಲ್ಲೇ ವಜಾ.
ಇನ್ನೂರ ಹತ್ತಕ್ಕೆ ಎಷ್ಟು ಕಾಲರು, ಎಷ್ಟು ಕಾಜ
ಎಂದು ಲೆಕ್ಕ ಹಾಕುತ್ತಾ ವಾಪಸು ಬಂದೆ.

ಕಾರಿನ ಪುಸ್ತಕವಿದೆ, ಅರಬ್ಬಿಯಲ್ಲಿ.
ಇಸ್ತ್ರಿಯ ಅಶ್ಫಾಕ್ ಕೈ ತೊಳೆದು ಬಂದ,
ಸೀಟಿನಲ್ಲಿ ನೆಟ್ಟಗೆ ಕೂತ,
ಒಂದಕ್ಷರ ಬಿಡದೆ ಎಷ್ಟು ಚಂದ ಓದಿದ!
ಅರ್ಥ?
"ಓದಲಷ್ಟೇ ಕಲಿಸಿದ್ದು ಭಾಯಿ. ಅರ್ಥ ಉಸ್ತಾದರ ಹತ್ತಿರವೇ ಉಳಿಯಿತು."

ದಾರಿಯಲ್ಲಿ ಹೋಗುತ್ತಿದ್ದ ಹಾಜಿ ಮಕ್ಕಿ
(ಎದೆ ನಲವತ್ತಾರು, ತೋಳು ಇಪ್ಪತ್ನಾಲ್ಕು,
ಎಡ ಭುಜ ಅರ್ಧ ಇಂಚು ಕೆಳಗೆ)
ಕಿಟಕಿಗೆ ಕಿವಿಯಿಟ್ಟು ಕೇಳಿ, ಹೊಟ್ಟೆ ಕುಲುಕಿಸಿ ನಕ್ಕು
ಮುರುಕು ಹಿಂದಿಯಲ್ಲಿ ಬಿಡಿಸಿ ಹೇಳಿದರು:
ಬ್ಯಾಟರಿ ಬದಲಿಸಿದ್ದೀ. ಇದಕ್ಕೆ ತನ್ನ ಅಂಚು ಮರೆತಿದೆ.
ಏನು ತಾಗಿದರೂ, ಒಂದು ಚಿಟಿಕೆ ಮಣ್ಣು ತಾಗಿದರೂ
ಮಗುವಿನ ಬೆರಳೆಂದು ಹೆದರಿ ಹಿಂದೆ ಸರಿಯುತ್ತದೆ.

ಮಗುವಿನ ಬೆರಳು!
ಎರಡು ದಿನದಿಂದ ನಾನು ಇದನ್ನು ಬೈದದ್ದು
ಮೂರು ಭಾಷೆಗಳಲ್ಲಿ.

ಸ್ಟೂಲು ಹತ್ತಿದೆ. ಹಳಿಯ ತುಂಬ
ಹೋದ ತಿಂಗಳ ಶಮಾಲ್ ಗಾಳಿಯ ಮಣ್ಣು,
ಮೈದಾದಷ್ಟು ನುಣುಪು, ಹಳೇ ಗ್ರೀಸಿನಲ್ಲಿ ಕಲಸಿ
ಹೂರಣದ ಹದಕ್ಕೆ ಬಂದಿದೆ.
ಹಲ್ಲುಜ್ಜುವ ಬ್ರಶ್ಶು, ಬಿಳಿ ಥೋಬಿನ ಕತ್ತರಿಸಿದ ಚಿಂದಿ.
ಹನ್ನೊಂದನೆಯ ಚಿಂದಿ ಬಿಳಿಯಾಗಿಯೇ ಹೊರಬಂತು.
ಎಡ ಹಳಿಯ ತುದಿಯಲ್ಲಿ, ನಾರು ಸುತ್ತಿಕೊಂಡು
ಒಂದು ಗುಂಡಿ ಸಿಕ್ಕಿತು.
ನಾಲ್ಕು ತೂತು, ಅಡ್ಡ ಹೊಲಿಗೆಯ ತುಂಡು ದಾರ.
ಈ ಅಡ್ಡ ಹೊಲಿಗೆ ಈ ಊರಲ್ಲಿ ಹಾಕುವವ ನಾನೊಬ್ಬನೇ.

"ಏನು ಸಿಕ್ಕಿತು?" ಎಂದರು ಹಾಜಿ ಮಕ್ಕಿ.
"ಮಣ್ಣು" ಎಂದೆ. ಜೇಬಿಗೆ ಹಾಕಿಕೊಂಡೆ.

ಮಿಶನ್ ಎಣ್ಣೆ ಬಿಡಹೋದರೆ ಅಶ್ಫಾಕ್ ಕೈ ಹಿಡಿದ:
ಎಣ್ಣೆ ಕಂಡರೆ ಮಣ್ಣು ನೆಂಟರಂತೆ ಬಂದು ಕೂರುತ್ತದೆ, ಬೇಡ.
ದಾರ ಜಾರಲೆಂದು ಇಟ್ಟ ಸಿಲಿಕಾನ್ ಅಂಗಡಿಯಲ್ಲೇ ಇತ್ತು.
ರಬ್ಬರಿಗೆ ತೆಳ್ಳಗೆ, ಬೆರಳಲ್ಲಿ ಸವರಿದೆ.
ಹಾಜಿ ಮಕ್ಕಿ ಮನೆಯಿಂದ ಗಾಳದ ದಪ್ಪ ದಾರ ತಂದರು,
ಮೂಲೆಯ ತೂತುಗಳಲ್ಲಿ ಮೆಲ್ಲಗೆ ಇಳಿಸಿದೆವು.
ಅರ್ಧ ಲೋಟ ನೀರು ಹೊಯ್ದು ಕಾದೆವು.
ಮುಂದಿನ ಚಕ್ರದ ಹತ್ತಿರ ತೊಟ್, ತೊಟ್,
ಆಮೇಲೆ ಸಣ್ಣ ಧಾರೆ.
ಮಳೆ ಇಲ್ಲಿ ವರ್ಷಕ್ಕೆ ನಾಲ್ಕು ದಿನ. ಇರಲಿ.

ಈಗ ಗುಂಡಿ ಒತ್ತಿ ಹಿಡಿ, ಬಿಡಬೇಡ.
ಗಾಜು ಹಿಂದುಗಡೆ ಎದ್ದು ನಿಂತಿತು. ಬಿಡಬೇಡ.
ಟಕ್ ಎಂದಿತು. ಬಿಡಬೇಡ ಮಾರಾಯ,
ಅರ್ಧದಲ್ಲಿ ಬಿಟ್ಟರೆ ಮತ್ತೆ ಮೊದಲಿಂದ.
ಸೂಜಿ ಚುಚ್ಚಿ ಚುಚ್ಚಿ ಮರಗಟ್ಟಿದ ನನ್ನ ಬೆರಳು
ಒತ್ತಿಯೇ ಇತ್ತು. ಗಾಜು ತಾನಾಗಿ ಹಿಂದೆ ಹೋಯಿತು,
ಪೂರ್ತಿ ತೆರೆದ ಆ ಚೌಕದಲ್ಲಿ
ವಿಮಾನವೊಂದು ಹೊಟ್ಟೆ ತೋರಿಸಿ, ಚಕ್ರ ಮಡಚಿಕೊಂಡು ಹೋಯಿತು.
ಮೂವರೂ ಮಾತಾಡಲಿಲ್ಲ.
ಗಾಜು ಬಂತು, ನಾಲ್ಕು ಬೆರಳು, ಮೂರು, ಒಂದು,
ಇಸ್ತ್ರಿ ಹೊಡೆದ ಅಂಚಿನ ಹಾಗೆ ಸಮನಾಗಿ ಕೂತಿತು.

ಪರೀಕ್ಷೆಗೆಂದು ಅಶ್ಫಾಕ್ ನನ್ನ ಅಳತೆ ಟೇಪು ಸುತ್ತಿ
ಕಂಡಿಗೆ ಹಿಡಿದ. ತಾಗಿದ್ದೇ ತಡ,
ಗಾಜು ಹಿಂದೆ ಸರಿಯಿತು.
ಸರಿ. ಆ ಹೆದರಿಕೆ ಉಳಿಯಲಿ.

ರಾತ್ರಿ ಹಾಜಿ ಮಕ್ಕಿಯ ಹೊಸ ಥೋಬು ಮುಗಿಸಿದೆ.
ತೋಳಿನ ಗುಂಡಿಗೆ
ದಾರ ಎರಡು ಸುತ್ತು ಹೆಚ್ಚಿಗೆ ಹಾಕಿದೆ.