ಸೋಮವಾರದ ಬಾಟಲಿ

ಬೆಳಗಿನ ಆರಕ್ಕೆ ಬೆಳ್ಳಂದೂರಿನ ಈ ಗೇಟಿಗೆ
ನನಗಿಂತ ಮುಂಚೆ ಬಂದಿರುವುದು ವಾಸನೆ.
ಆಮೇಲೆ ಪಿಳ್ಳಮುನಿಯಪ್ಪ, ಬೀಗದ ಕೈ, ಒಂದು ಕೆಮ್ಮು.
"ಬಂದ್ರಾ ಮೇಡಂ, ಉಚ್ಚೆ ಜ್ಯೋತಿಷ್ಯಕ್ಕೆ?"
ಹಾಗೆ ಅನ್ನುವುದು ಅವನ ಹಕ್ಕು:
ಇಪ್ಪತ್ತೆರಡು ವರ್ಷ ಈ ಜಾಲರಿಯಿಂದ
ಕೂದಲು, ಚಿಂದಿ, ಒಮ್ಮೆ ಒಂದು ತಾಳಿ
ಎತ್ತಿದವನು.

ಯಂತ್ರ ಗಂಟೆಗೊಂದು ಗುಟುಕು ಕುಡಿದು
ಇಪ್ಪತ್ನಾಲ್ಕನ್ನೂ ಒಂದೇ ಬಾಟಲಿಗೆ ಉಗುಳಿದೆ.
ಲೇಬಲ್, ಎರಡು ಹನಿ ಆಸಿಡ್, ಐಸು ಪೆಟ್ಟಿಗೆ.
ಸ್ಕೂಟರಿನ ಕಾಲಡಿ ಇಟ್ಟುಕೊಂಡು
ಸಿಗ್ನಲ್ಲಿನಲ್ಲಿ ನಿಂತಾಗ ಅಕ್ಕಪಕ್ಕದವರಿಗೆ
ಮೀನೋ ಲಸಿಕೆಯೋ ಅನ್ನಿಸಬೇಕು.
ಅವರೇ ಅದರೊಳಗಿದ್ದಾರೆ, ತೆಳ್ಳಗೆ.

ಲ್ಯಾಬಿನಲ್ಲಿ ಮೊದಲು ಕಾಫಿ ಹುಡುಕುತ್ತೇನೆ.
ಊರಿಗೆ ಊರೇ ಕುಡಿಯುತ್ತದಲ್ಲ,
ಕೆಫೀನಿನ ಗೆರೆ ಎದ್ದಷ್ಟು ತಲೆ.
ಜನಗಣತಿಯವರು ಬಾಗಿಲು ಬಡಿಯಬೇಕು; ನಾನು ಬೇಡ.
ತಲೆ ಎಣಿಸಿದ ಮೇಲೆ ಉಳಿದದ್ದು:
ಗಾಂಜಾ, ಮನೆಬಾಡಿಗೆಯ ಹಾಗೆ, ತಪ್ಪದೆ;
ಇನ್ನೊಂದು, ಶನಿವಾರ ರಾತ್ರಿ ನುಂಗಿದ್ದು,
ಸೋಮವಾರದ ಬಾಟಲಿಯಲ್ಲಿ ಬೆಟ್ಟವಾಗಿ ಏಳುತ್ತದೆ.
ಸಾವಿರ ಜನಕ್ಕೆ ದಿನಕ್ಕೆ ಇಷ್ಟು ಮಿಲಿಗ್ರಾಂ,
ಹೆಚ್ಚುಕಮ್ಮಿ ಇಷ್ಟು.
ಆ ಹೆಚ್ಚುಕಮ್ಮಿಯೊಳಗೇ
ಒಂದು ಬಡಾವಣೆ ಸಂಸಾರ ಮಾಡಬಹುದು.

ಹೋದ ತಿಂಗಳು ಇನ್ಸ್‌ಪೆಕ್ಟರ್ ಬಂದಿದ್ದರು, ಸಭ್ಯರು.
ಮ್ಯಾನ್‌ಹೋಲ್ ಮ್ಯಾನ್‌ಹೋಲ್ ಹಿಡಿದು ಮೇಲಕ್ಕೆ ಹೋದರೆ
ಬೀದಿ ಸಿಗುತ್ತದಾ? ಬೀದಿ ಸಿಕ್ಕರೆ, ಮನೆ?
ನೀರಿಗೆ ಹೆಸರಿಲ್ಲ ಸರ್, ಅಂದೆ.
ಅದು ಪೂರ್ತಿ ನಿಜವಲ್ಲ.
ಯಾವ ಹಾಸ್ಟೆಲ್ಲಿನ ಪೈಪು
ಯಾವ ಕ್ರಾಸಿನಲ್ಲಿ ಬಂದು ಸೇರುತ್ತದೆ ಎಂದು
ಪಿಳ್ಳಮುನಿಯಪ್ಪನಿಗೆ ಅಂಗೈಗೆರೆಯಷ್ಟು ಗೊತ್ತು.
ಅವನು ನೆಲ ನೋಡುತ್ತ ನಿಂತಿದ್ದ,
ಕನ್ನಡವೇ ಬಾರದವನಂತೆ.

ಈ ಸೋಮವಾರ ಬೆಟ್ಟ ಎಂದಿಗಿಂತ ಎತ್ತರ.
ಮತ್ತೆ ಓಡಿಸಿದೆ. ಅಷ್ಟೇ ಎತ್ತರ.
ಯಾರೂ ನುಂಗಿರದೆಯೂ ಇರಬಹುದು,
ಬಾಗಿಲು ಬಡಿದ ಸದ್ದಿಗೆ ಹೆದರಿ
ಯಾರೋ ಫ್ಲಶ್ ಮಾಡಿರಬಹುದು;
ವರದಿಯಲ್ಲಿ ಅದಕ್ಕೂ ಒಂದು ಸಾಲು ಬರೆದೆ.
ವರದಿಗೆ ಸಂಬಂಧವಿಲ್ಲದ್ದು:
ನನ್ನ ತಮ್ಮ ಇಂದುಧರನ ರೂಮು
ಇದೇ ಕಣಿವೆಯ ಇಳಿಜಾರಿನಲ್ಲಿದೆ.
ಯುಗಾದಿಗೆ ಬಂದಾಗ ವಾಚು ಮೊಣಕೈವರೆಗೆ ಜಾರುತ್ತಿತ್ತು.
ಸಾವಿರದಲ್ಲಿ ಅವನು ಎಷ್ಟನೆಯವನೋ.

ಫೋನ್ ಮಾಡಿದೆ. ಆರನೇ ರಿಂಗಿಗೆ ಎತ್ತಿದ.
"ಊಟ ಆಯ್ತಾ?"
"ಆಯ್ತು. ಏನಕ್ಕಾ ಸಮಾಚಾರ?"
ಅವನ ಹಿಂದೆ ನೀರು ಸುರಿಯುವ ಸದ್ದು.
"ಏನಿಲ್ಲ," ಅಂದೆ, "ಸುಮ್ನೆ."

ಆ ನೀರು ನನ್ನ ಬಾಟಲಿಗೆ ಬರಲು
ಸುಮಾರು ಐದು ಗಂಟೆ.